ಹಳೆಯ ಗಣಕಯಂತ್ರದ ಹಾರ್ಡ್ ಡಿಸ್ಕ್: ವಿಭಜನೆ, ಮರುಫಾರ್ಮ್ಯಾಟ್ ಮತ್ತು ಎದುರಾಗುವ ತೊಡಕುಗಳು

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳ ಗಣಕಯಂತ್ರ ಕೊಠಡಿಯಲ್ಲಿ ಹದಿನೈದು ವರ್ಷ ದಾಟಿದ ಯಂತ್ರವೊಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಅದು ನಿಧಾನವಾಗಿದೆ, ವೈರಸ್ ಹತ್ತಿದೆ, ಇಲ್ಲವೇ ಆರಂಭವೇ ಆಗುತ್ತಿಲ್ಲ ಎಂಬ ಕಾರಣಕ್ಕೆ ‘ಒಮ್ಮೆ ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬ ಮಾತು ಬರುತ್ತದೆ. ಆ ಮಾತು ಬಂದ ದಿನವೇ ಕೆಲಸಕ್ಕೆ ಕೈಹಾಕಬಾರದು. ರಾಜ್ಯಭಾಷೆಯ ಮಾಧ್ಯಮದ ಶಾಲೆಯಲ್ಲಿ ಒಂದು ಪ್ರಶ್ನೆಪತ್ರಿಕೆ ಅಳಿದರೆ ಪಕ್ಕದ ಶಾಲೆಯಿಂದ ತರಬಹುದು. ಜತ್ತದಲ್ಲಿಯೋ ತಾಳವಾಡಿಯಲ್ಲಿಯೋ ಶಿಕ್ಷಕರೊಬ್ಬರು ಆ ರಾಜ್ಯದ ಪಠ್ಯಕ್ರಮಕ್ಕೆ ಹೊಂದಿಸಿ ಕನ್ನಡದಲ್ಲಿ ತಾವೇ ಬೆರಳಚ್ಚು ಮಾಡಿಕೊಂಡ ಟಿಪ್ಪಣಿಗೆ ಬಹುಮಟ್ಟಿಗೆ ಎರಡನೆಯ ಪ್ರತಿ ಇರುವುದಿಲ್ಲ. ಹೀಗಾಗಿ ಈ ಪಾಠದಲ್ಲಿ ಯಂತ್ರಕ್ಕಿಂತ ಮೊದಲು ಕಡತಗಳ ವಿಚಾರವನ್ನು ಎತ್ತಿಕೊಳ್ಳಲಾಗಿದೆ.

ಪಹಣಿ ಮತ್ತು ಬದು

ವಿಭಜನೆ, ಫಾರ್ಮ್ಯಾಟ್ ಎಂಬ ಎರಡು ಕ್ರಿಯೆಗಳನ್ನು ಒಂದೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಹಳ್ಳಿಯ ಮಕ್ಕಳಿಗೆ ಇದನ್ನು ಜಮೀನಿನ ಮೂಲಕ ವಿವರಿಸುವುದು ಸುಲಭ. ಒಂದು ದೊಡ್ಡ ಹೊಲವನ್ನು ಅಣ್ಣತಮ್ಮಂದಿರು ಹಂಚಿಕೊಂಡಾಗ ಯಾರ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಮೊದಲು ದಾಖಲೆಯಲ್ಲಿ ಬರೆಯಲ್ಪಡುತ್ತದೆ. ಅದು ವಿಭಜನೆ. ತನ್ನ ಭಾಗಕ್ಕೆ ಬಂದ ನೆಲದಲ್ಲಿ ಬದು ಹಾಕಿ, ಮಡಿ ಮಾಡಿ, ಯಾವ ಮಡಿಯಲ್ಲಿ ಏನು ಬಿತ್ತಿದೆ ಎಂಬ ಲೆಕ್ಕದ ಪುಸ್ತಕ ತೆರೆಯುವುದು ಫಾರ್ಮ್ಯಾಟ್.

ಹಳೆಯ ಯಂತ್ರಗಳಲ್ಲಿ ಈ ದಾಖಲೆ ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ ಇರುತ್ತದೆ. ಅದರ ಹೆಸರು ಮಾಸ್ಟರ್ ಬೂಟ್ ರೆಕಾರ್ಡ್. ಆ ಸೆಕ್ಟರಿನ ಅಳತೆ 512 ಬೈಟ್. ಅದರಲ್ಲಿ 446 ಬೈಟ್ ಯಂತ್ರವನ್ನು ಆರಂಭಿಸುವ ಪುಟ್ಟ ಆದೇಶಕ್ಕೆ, 64 ಬೈಟ್ ವಿಭಾಗಗಳ ಪಟ್ಟಿಗೆ, ಕೊನೆಯ 2 ಬೈಟ್ ಮುದ್ರೆಗೆ ಮೀಸಲು. ಒಂದು ವಿಭಾಗದ ವಿವರಕ್ಕೆ 16 ಬೈಟ್ ಬೇಕು. 64ನ್ನು 16ರಿಂದ ಭಾಗಿಸಿದರೆ 4. ಆದ್ದರಿಂದಲೇ ನಾಲ್ಕಕ್ಕಿಂತ ಹೆಚ್ಚು ಪ್ರಾಥಮಿಕ ವಿಭಾಗ ಮಾಡಲು ಹೋದವರಿಗೆ ಯಂತ್ರ ಒಪ್ಪುವುದಿಲ್ಲ. ಹೆಚ್ಚು ಬೇಕಿದ್ದಲ್ಲಿ ನಾಲ್ಕರಲ್ಲಿ ಒಂದನ್ನು ವಿಸ್ತೃತ ವಿಭಾಗವಾಗಿಸಿ, ಅದರ ಒಳಗೆ ತಾರ್ಕಿಕ ವಿಭಾಗಗಳನ್ನು ಮಾಡಿಕೊಳ್ಳಬೇಕು.

ದಾಖಲೆಯ ಹಾಳೆಯನ್ನು ಹರಿದರೆ ಹೊಲ ಮಾಯವಾಗುವುದಿಲ್ಲ. ವಿಭಾಗವನ್ನು ಅಳಿಸಿದಾಗಲೂ, ಕ್ವಿಕ್ ಫಾರ್ಮ್ಯಾಟ್ ಮಾಡಿದಾಗಲೂ ಒಳಗಿನ ಕಡತಗಳ ಬಹುಭಾಗ ಡಿಸ್ಕಿನ ಮೇಲೆ ಹಾಗೆಯೇ ಉಳಿದಿರುತ್ತದೆ. ಹೋಗುವುದು ಅವುಗಳ ವಿಳಾಸ ಮಾತ್ರ. ತಪ್ಪಾಗಿ ಫಾರ್ಮ್ಯಾಟ್ ಆದ ಡಿಸ್ಕನ್ನು ಆ ಕ್ಷಣವೇ ಬಳಕೆಯಿಂದ ತೆಗೆದಿಟ್ಟರೆ ಮರುಪಡೆಯುವ ತಂತ್ರಾಂಶಗಳಿಂದ ಎಷ್ಟೋ ಕಡತಗಳು ದೊರೆಯುತ್ತವೆ. ಅದರ ಮೇಲೆ ಹೊಸದಾಗಿ ವಿಂಡೋಸ್ ಸ್ಥಾಪಿಸಿದ ಮೇಲೆ ಆ ಅವಕಾಶ ಬಹಳ ಕುಗ್ಗುತ್ತದೆ.

ಪ್ರತಿ ತೆಗೆಯುವ ಕೆಲಸ

‘ನನ್ನ ಕಡತಗಳೆಲ್ಲ ಡೆಸ್ಕ್‌ಟಾಪಿನಲ್ಲಿವೆ, ಸಿ ಡ್ರೈವಿನಲ್ಲಿ ಏನೂ ಇಲ್ಲ’ ಎಂಬ ಮಾತು ಶಾಲೆಗಳಲ್ಲಿ ಆಗಾಗ ಕೇಳಿಬರುತ್ತದೆ. ಬೇರೆ ಏರ್ಪಾಡು ಮಾಡದಿದ್ದರೆ ಡೆಸ್ಕ್‌ಟಾಪ್ ಮತ್ತು ಮೈ ಡಾಕ್ಯುಮೆಂಟ್ಸ್ ಎರಡೂ ಸಿ ಡ್ರೈವಿನ ಒಳಗೇ ಇರುತ್ತವೆ. ಸಿ ಡ್ರೈವ್ ಫಾರ್ಮ್ಯಾಟ್ ಆದರೆ ಅವೂ ಅಳಿಯುತ್ತವೆ. ಯಂತ್ರವನ್ನು ಬಳಸುವ ಪ್ರತಿಯೊಬ್ಬ ಶಿಕ್ಷಕರ ಹೆಸರಿನ ಖಾತೆಯನ್ನೂ ತೆರೆದು ನೋಡತಕ್ಕದ್ದು.

ಎರಡನೆಯ ಎಚ್ಚರಿಕೆ ಕನ್ನಡಕ್ಕೇ ಸಂಬಂಧಿಸಿದ್ದು. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಪಠ್ಯದಲ್ಲಿ ಕನ್ನಡದ ಸಂಕೇತಗಳು ಇರುವುದೇ ಇಲ್ಲ. ಇಂಗ್ಲಿಷ್ ಮತ್ತು ಇತರ ಐರೋಪ್ಯ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಭಾಗಗಳ ಚಿತ್ರವನ್ನು ಕೂರಿಸಿದ ಫಾಂಟ್ ಇರುವವರೆಗೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಕಡತವನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಫಾಂಟನ್ನು ಮರೆತರೆ, ಹೊಸ ವ್ಯವಸ್ಥೆಯಲ್ಲಿ ತೆರೆದುಕೊಳ್ಳುವುದು ಅರ್ಥವಿಲ್ಲದ ಅಕ್ಷರಗಳ ಸಾಲು. ಆದುದರಿಂದ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಹಾಗೂ ಬಿಆರ್‌ಎಚ್ ಎಂದು ಆರಂಭವಾಗುವ ಫಾಂಟುಗಳನ್ನು, ಸಾಧ್ಯವಾದರೆ ಆ ತಂತ್ರಾಂಶಗಳ ಸ್ಥಾಪನಾ ಕಡತಗಳನ್ನು ಸಹ ಪ್ರತಿ ಮಾಡಿಕೊಳ್ಳಬೇಕು. ಮುಖ್ಯವಾದ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು ಮೂಲದ ಜೊತೆಗೇ ಇಡುವುದು ಇನ್ನೂ ಉತ್ತಮ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನಪಲ್ಲಟವಾಗುವುದುಂಟು. ಒಂದೆರಡು ಪುಟಗಳನ್ನಾದರೂ ಓದಿ ನೋಡಬೇಕು.

ಪ್ರತಿ ಆಯಿತೆಂದು ನಂಬುವ ಮುನ್ನ ಪೆನ್ ಡ್ರೈವನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆಯಬೇಕು. ಶಾಲಾ ವಾರ್ಷಿಕೋತ್ಸವದ ವಿಡಿಯೋ ಮಾತ್ರ ಪ್ರತಿಯಾಗದೆ ‘ಜಾಗ ಸಾಲದು’ ಎಂಬ ಸೂಚನೆ ಬಂದರೆ ಪೆನ್ ಡ್ರೈವ್ ಫ್ಯಾಟ್32 ಕ್ರಮದಲ್ಲಿದೆ ಎಂದು ಊಹಿಸಬಹುದು. ಆ ಕ್ರಮದಲ್ಲಿ 4 ಜಿಬಿ ಅಥವಾ ಅದಕ್ಕೂ ದೊಡ್ಡದಾದ ಒಂದೇ ಕಡತ ಕೂರುವುದಿಲ್ಲ.

ವಿಂಡೋಸ್ ಆರಂಭವೇ ಆಗದಿದ್ದರೂ ನಿರಾಶರಾಗಬೇಕಿಲ್ಲ. ಲಿನಕ್ಸಿನ ಲೈವ್ ಸಿಡಿಯಿಂದ ಯಂತ್ರವನ್ನು ಎಬ್ಬಿಸಿ ಒಳಗಿನ ಕಡತಗಳನ್ನು ಓದಬಹುದು. ಮೆಮೊರಿ 256 ಎಂಬಿಯಷ್ಟೇ ಇರುವ ಯಂತ್ರದಲ್ಲಿ ಇತ್ತೀಚಿನ ಲೈವ್ ಸಿಡಿಗಳು ಓಡವು. ಅಂಥಲ್ಲಿ ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಪರಿವರ್ತಕದಿಂದ ಮತ್ತೊಂದು ಯಂತ್ರಕ್ಕೆ ಜೋಡಿಸುವುದು ದಾರಿ. ಡಿಸ್ಕ್ ಟಿಕ್ ಟಿಕ್ ಎಂದು ಒಂದೇ ಸಮನೆ ಸದ್ದು ಮಾಡುತ್ತಿದ್ದರೆ ಅದನ್ನು ಪದೇಪದೇ ಆರಂಭಿಸಬಾರದು. ಅತಿ ಮುಖ್ಯ ಕಡತಗಳನ್ನು ಮೊದಲು ತೆಗೆದುಕೊಳ್ಳಬೇಕು; ಅಂಥ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಮತ್ತೆ ಬಳಸುವುದು ವ್ಯರ್ಥ.

ಡಿಸ್ಕ್ ಕಾಣದಿದ್ದರೆ

ಸ್ಥಾಪನಾ ಸಿಡಿ ‘ಹಾರ್ಡ್ ಡಿಸ್ಕ್ ಇಲ್ಲ’ ಎಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬಯಾಸ್ ಪರದೆಯಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ? ಅಲ್ಲಿಯೂ ಕಾಣದಿದ್ದರೆ ದೋಷ ತಂತಿ, ವಿದ್ಯುತ್ ಜೋಡಣೆ, ಜಂಪರ್ ಅಥವಾ ಡಿಸ್ಕಿನಲ್ಲಿದೆ. ಅಗಲ ಪಟ್ಟಿತಂತಿಯ ಐಡಿಇ ಡಿಸ್ಕುಗಳಲ್ಲಿ ಒಂದೇ ತಂತಿಗೆ ಎರಡು ಸಾಧನ ಜೋಡಿಸಿ ಎರಡನ್ನೂ ಮಾಸ್ಟರ್ ಆಗಿಸಿದರೆ ಎರಡೂ ಕಾಣದೆ ಹೋಗಬಹುದು. ಒಂದು ಮಾಸ್ಟರ್, ಇನ್ನೊಂದು ಸ್ಲೇವ್ ಇರಬೇಕು. ಸಿಡಿ ಡ್ರೈವೂ ಈ ಲೆಕ್ಕಕ್ಕೆ ಸೇರುತ್ತದೆ. ಜಂಪರಿನ ನಕ್ಷೆ ಬಹುತೇಕ ಡಿಸ್ಕಿನ ಮೈಮೇಲಿನ ಚೀಟಿಯಲ್ಲೇ ಇರುತ್ತದೆ.

ಬಯಾಸ್‌ನಲ್ಲಿ ಕಂಡು, ವಿಂಡೋಸ್ ಎಕ್ಸ್‌ಪಿ ಸಿಡಿಗೆ ಮಾತ್ರ ಕಾಣದಿದ್ದರೆ ಅದು ಸಾಟಾ ಡಿಸ್ಕಿನ ತೊಡಕು. ಎಕ್ಸ್‌ಪಿ ಸಿಡಿಯಲ್ಲಿ ಎಎಚ್‌ಸಿಐ ಕ್ರಮಕ್ಕೆ ಬೇಕಾದ ಡ್ರೈವರ್ ಇಲ್ಲ. ಬಯಾಸ್‌ನಲ್ಲಿ ಸಾಟಾ ಕ್ರಮವನ್ನು ಐಡಿಇ ಅಥವಾ ಕಂಪ್ಯಾಟಿಬಲ್ ಎಂದು ಬದಲಿಸಿದರೆ ಸಾಮಾನ್ಯವಾಗಿ ಕೆಲಸ ಮುಂದುವರಿಯುತ್ತದೆ.

ಬದಲಿಸಿದ ಬಯಾಸ್ ಆಯ್ಕೆ ಮರುದಿನ ಅಳಿದಿದ್ದರೆ, ದಿನಾಂಕವೂ ಹಿಂದಿನ ಯಾವುದೋ ವರ್ಷಕ್ಕೆ ಹೋಗಿದ್ದರೆ, ಡಿಸ್ಕನ್ನು ದೂರುವುದು ಬೇಡ. ಮದರ್‌ಬೋರ್ಡಿನ ಮೇಲಿನ 3 ವೋಲ್ಟಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಸತ್ತಿರುತ್ತದೆ. ಅಲ್ಪ ಖರ್ಚಿನ ಈ ಬ್ಯಾಟರಿ ಬದಲಿಸದೆ ಇಡೀ ಯಂತ್ರವನ್ನು ನಿರುಪಯೋಗಿ ಎಂದು ಬರೆದುಬಿಟ್ಟ ಶಾಲೆಗಳು ಇಲ್ಲದಿಲ್ಲ.

ಕಡಿಮೆ ತೋರಿಸುವ ಅಳತೆ

40 ಜಿಬಿ ಡಿಸ್ಕನ್ನು ವಿಂಡೋಸ್ 37.25 ಎಂದು ತೋರಿಸುವುದು ದೋಷವಲ್ಲ. ತಯಾರಕರ ಜಿಬಿ ಎಂದರೆ 100 ಕೋಟಿ ಬೈಟ್; ವಿಂಡೋಸ್ ಲೆಕ್ಕದಲ್ಲಿ 1024ರ ಘನ. ಎಂಟನೆಯ ತರಗತಿಯ ಘಾತಾಂಕ ಪಾಠಕ್ಕೆ ಇದಕ್ಕಿಂತ ಸಹಜವಾದ ಲೆಕ್ಕ ಸಿಗಲಾರದು.

ಆದರೆ 160 ಜಿಬಿಯ ಡಿಸ್ಕ್ 149ರ ಬದಲು 128 ಎಂದು ಕಂಡರೆ ಅದು ನಿಜವಾದ ತೊಡಕು. ಹಳೆಯ ವ್ಯವಸ್ಥೆ ಸೆಕ್ಟರಿನ ವಿಳಾಸಕ್ಕೆ 28 ಬಿಟ್ ಮಾತ್ರ ಬಳಸುತ್ತದೆ. ಎರಡರ 28ನೆಯ ಘಾತವನ್ನು 512ರಿಂದ ಗುಣಿಸಿದರೆ ಸುಮಾರು 137 ನೂರುಕೋಟಿ ಬೈಟ್ ಬರುತ್ತದೆ; ವಿಂಡೋಸ್ ಲೆಕ್ಕದಲ್ಲಿ ಅದೇ 128 ಜಿಬಿ. ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 1 ಅಥವಾ ಅನಂತರದ್ದು ಬೇಕು, ಬಯಾಸ್ ಕೂಡ 48 ಬಿಟ್ ವಿಳಾಸವನ್ನು ಬಲ್ಲದ್ದಾಗಿರಬೇಕು. ಇದನ್ನು ಕಡೆಗಣಿಸಿ ಮಿತಿಯಾಚೆಗೂ ವಿಭಾಗವನ್ನು ಚಾಚಿದರೆ ಡಿಸ್ಕ್ ತುಂಬುತ್ತಾ ಬಂದಂತೆ ಇದ್ದ ಕಡತಗಳೇ ಹಾಳಾಗಬಹುದು. ಅನುಮಾನವಿದ್ದಲ್ಲಿ ಮಿತಿಯೊಳಗಿನ ಜಾಗವನ್ನಷ್ಟೇ ಬಳಸಿ ಉಳಿದದ್ದನ್ನು ಬಿಟ್ಟುಬಿಡುವುದು ಕ್ಷೇಮ.

ಭಾಗ ಮಾಡುವಾಗ

ಯಂತ್ರದಲ್ಲಿ ಎರಡು ಡಿಸ್ಕ್ ಇದ್ದರೆ ಮುಟ್ಟಬಾರದ ಡಿಸ್ಕಿನ ತಂತಿಯನ್ನು ಯಂತ್ರ ಆರಿಸಿ ಮೊದಲೇ ಕಳಚಬೇಕು. ಡಿಸ್ಕ್‌ಪಾರ್ಟಿನ ಕ್ಲೀನ್ ಆದೇಶ ‘ಖಚಿತವೇ’ ಎಂದು ಕೇಳುವುದಿಲ್ಲ. ಸಂಖ್ಯೆ ತಪ್ಪಿದರೆ ಇನ್ನೊಂದು ಡಿಸ್ಕಿನ ಪಟ್ಟಿ ಹೋಯಿತು.

40 ಜಿಬಿಯ ಡಿಸ್ಕಿಗೆ ಎರಡೇ ಭಾಗ ಸಾಕು: ವ್ಯವಸ್ಥೆಗೆ ಸುಮಾರು 15 ಜಿಬಿ, ಉಳಿದದ್ದು ಕಡತಗಳಿಗೆ. ಐದಾರು ಭಾಗ ಮಾಡಿ ವಿಷಯಕ್ಕೊಂದು ಡ್ರೈವ್ ಕೊಡುವ ರೂಢಿ ಕಾಣುತ್ತದೆ. ಅದರಿಂದ ಪ್ರತಿ ಡ್ರೈವಿನಲ್ಲಿಯೂ ಬಳಕೆಗೆ ಬಾರದ ತುಣುಕು ಜಾಗ ಉಳಿಯುವುದೇ ಹೊರತು ಬೇರೆ ಲಾಭವಿಲ್ಲ. ಎರಡು ಭಾಗ ಮಾಡಿ, ಮೈ ಡಾಕ್ಯುಮೆಂಟ್ಸ್ ಸ್ಥಾನವನ್ನು ಎರಡನೆಯ ಭಾಗಕ್ಕೆ ವರ್ಗಾಯಿಸಿಟ್ಟರೆ ಮುಂದಿನ ಬಾರಿ ಸಿ ಡ್ರೈವನ್ನಷ್ಟೇ ಫಾರ್ಮ್ಯಾಟ್ ಮಾಡಬಹುದು. ಡಿಸ್ಕೇ ಕೆಟ್ಟರೆ ಎರಡೂ ಭಾಗ ಒಟ್ಟಿಗೇ ಹೋಗುತ್ತವೆ ಎಂಬುದು ಮಾತ್ರ ನೆನಪಿರಲಿ. ಹೊರಗಿನ ಪ್ರತಿ ಬೇಕೇ ಬೇಕು.

ಕಾಸರಗೋಡಿನ ಶಾಲೆಗಳಲ್ಲಿ ಪರಿಸ್ಥಿತಿ ತುಸು ಭಿನ್ನ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ 2017ರಲ್ಲಿ ಕೈಟ್ ಆದ ಸಂಸ್ಥೆ ಉಬುಂಟು ಆಧಾರಿತ ಲಿನಕ್ಸನ್ನು ಶಾಲೆಗಳಿಗೆ ನೀಡುತ್ತ ಬಂದಿದೆ. ಅಲ್ಲಿ ವಿಭಜನೆಯ ಸಾಧನ ಸಾಮಾನ್ಯವಾಗಿ ಜಿಪಾರ್ಟೆಡ್. ವಿಭಾಗದ ಹೆಸರಿನ ಮುಂದೆ ಬೀಗದ ಅಥವಾ ಕೀಲಿಕೈಯ ಗುರುತು ಕಂಡರೆ ಅದು ಬಳಕೆಯಲ್ಲಿದೆ ಎಂದರ್ಥ. ಅನ್‌ಮೌಂಟ್ ಮಾಡಬೇಕು, ಸ್ವಾಪ್ ವಿಭಾಗವಾದರೆ ಸ್ವಾಪ್‌ಆಫ್ ಒತ್ತಬೇಕು. ವಿಂಡೋಸಿನ ವಿಭಾಗವನ್ನು ಕುಗ್ಗಿಸಲು ಜಿಪಾರ್ಟೆಡ್ ನಿರಾಕರಿಸಿದರೆ ಒಮ್ಮೆ ವಿಂಡೋಸ್ ಆರಂಭಿಸಿ, ಚೆಕ್ ಡಿಸ್ಕ್ ನಡೆಸಿ, ಕ್ರಮಬದ್ಧವಾಗಿ ಆರಿಸಿ ಬರಬೇಕು. ಕುಗ್ಗಿಸುವ ನಡುವೆ ವಿದ್ಯುತ್ ಹೋದರೆ ವಿಭಾಗ ಹಾಳಾಗುವ ಸಂಭವವಿದೆ. ಯುಪಿಎಸ್ ಇಲ್ಲದ ಶಾಲೆಯಲ್ಲಿ ಮಳೆಗಾಲದ ಮಧ್ಯಾಹ್ನ ಈ ಕೆಲಸಕ್ಕೆ ತಕ್ಕ ಹೊತ್ತಲ್ಲ.

ನಡುವೆ ನಿಂತ ಫಾರ್ಮ್ಯಾಟ್

ಫಾರ್ಮ್ಯಾಟ್ ಶೇಕಡಾ 38ಕ್ಕೆ ಬಂದು ನಿಂತಿತು ಎಂದುಕೊಳ್ಳೋಣ. ತಂತಿಯನ್ನು ಬದಲಿಸಿ ಮತ್ತೊಮ್ಮೆ ಆರಂಭಿಸಬೇಕು. ಎರಡನೆಯ ಬಾರಿಯೂ ಅದೇ 38ಕ್ಕೆ ನಿಂತರೆ ಡಿಸ್ಕಿನ ಮೇಲ್ಮೈಯಲ್ಲಿಯೇ ಗಾಯವಿದೆ ಎನ್ನಬಹುದು. ಒಮ್ಮೆ 38, ಒಮ್ಮೆ 12, ಒಮ್ಮೆ 70 ಎಂದು ಬೇರೆ ಬೇರೆ ಕಡೆ ನಿಂತರೆ ಅನುಮಾನ ತಂತಿ, ವಿದ್ಯುತ್ ಪೂರೈಕೆ, ಮೆಮೊರಿಗಳ ಕಡೆ ತಿರುಗಬೇಕು. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಈ ಪರೀಕ್ಷೆಯೇ ನಡೆಯುವುದಿಲ್ಲ, ಏಕೆಂದರೆ ಅದು ಮೇಲ್ಮೈಯನ್ನು ಓದಿ ನೋಡುವುದಿಲ್ಲ. ಹಳೆಯ ಡಿಸ್ಕಿಗೆ ಪೂರ್ಣ ಫಾರ್ಮ್ಯಾಟೇ ತಕ್ಕದ್ದು. ಸಮಯ ಹಿಡಿಯುತ್ತದೆ, ಹಿಡಿಯಲಿ.

ಎಲ್ಲ ಮುಗಿದ ಮೇಲೂ ಯಂತ್ರ ಆರಂಭವಾಗದಿದ್ದರೆ ಎರಡು ಕಾರಣ ಹೆಚ್ಚು ಸಾಮಾನ್ಯ. ವ್ಯವಸ್ಥೆಯಿರುವ ವಿಭಾಗವನ್ನು ಸಕ್ರಿಯ ಎಂದು ಗುರುತಿಸದೆ ಬಿಟ್ಟಿರುವುದು ಒಂದು. ಲಿನಕ್ಸ್ ವಿಭಾಗವನ್ನು ಅಳಿಸಿದರೂ ಅದರ ಗ್ರಬ್ ಮೊದಲ ಸೆಕ್ಟರಿನಲ್ಲಿ ಉಳಿದಿರುವುದು ಇನ್ನೊಂದು. ಆಗ ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂದು ಕಾಣುತ್ತದೆ. ಎಕ್ಸ್‌ಪಿ ಸಿಡಿಯ ರಿಕವರಿ ಕನ್ಸೋಲಿನಲ್ಲಿ ಫಿಕ್ಸ್‌ಎಂಬಿಆರ್ ಆದೇಶ ಕೊಟ್ಟರೆ ಇದು ಸರಿಹೋಗುತ್ತದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದಿದೆ. ಹಳೆಯ ನುಡಿ, ಪೇಜ್‌ಮೇಕರ್ ಕಡತಗಳಿಗಾಗಿ ಅದನ್ನು ಉಳಿಸಿಕೊಂಡ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಬಾರದು.

ಕನ್ನಡ ಮರಳಿತೇ?

ಹೊಸದಾಗಿ ಸ್ಥಾಪಿಸಿದ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇದ್ದರೂ ಯೂನಿಕೋಡ್ ಕನ್ನಡ ಒಡೆದು ಕಾಣಬಹುದು. ಒತ್ತಕ್ಷರ ಕೆಳಗಿಳಿಯದೆ ಸಾಲಿನಲ್ಲೇ ನಿಲ್ಲುತ್ತದೆ. ಕಂಟ್ರೋಲ್ ಪ್ಯಾನೆಲಿನ ಪ್ರಾದೇಶಿಕ ಭಾಷೆಗಳ ಆಯ್ಕೆಯಲ್ಲಿ ಸಂಕೀರ್ಣ ಲಿಪಿಗಳ ಕಡತ ಸ್ಥಾಪಿಸುವ ಚೌಕಕ್ಕೆ ಗುರುತು ಹಾಕಬೇಕು. ಆಗ ಯಂತ್ರ ಸ್ಥಾಪನಾ ಸಿಡಿಯನ್ನು ಮತ್ತೆ ಕೇಳುತ್ತದೆ; ಸಿಡಿಯನ್ನು ಹಿಂದಿರುಗಿಸಿ ಬಂದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಅನಂತರ ಉಳಿಸಿಟ್ಟ ಫಾಂಟುಗಳನ್ನು ಸೇರಿಸಿ, ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೆರೆದು ಮುದ್ರಿಸಿ ನೋಡಬೇಕು. ಮೂಲ ಪ್ರತಿಗಳನ್ನು ಅಲ್ಲಿಯವರೆಗೆ ಪೆನ್ ಡ್ರೈವಿನಿಂದ ಅಳಿಸಬಾರದು.

ಕೆಟ್ಟು ಹೊರಬಿದ್ದ ಡಿಸ್ಕನ್ನು ದಾಸ್ತಾನು ಪುಸ್ತಕದಿಂದ ತೆಗೆದು ಗುಜರಿಗೆ ಕೊಡುವಾಗ ಅದರಲ್ಲಿ ಮಕ್ಕಳ ಅಂಕಪಟ್ಟಿ, ವಿಳಾಸ, ಬ್ಯಾಂಕ್ ಖಾತೆಯ ವಿವರಗಳು ಇದ್ದಿರಬಹುದು. ಕ್ವಿಕ್ ಫಾರ್ಮ್ಯಾಟಿನಿಂದ ಅವು ಅಳಿದಿರುವುದಿಲ್ಲ. ಡಿಸ್ಕ್ ಇನ್ನೂ ಓಡುತ್ತಿದ್ದರೆ ಪೂರ್ತಿ ಸೊನ್ನೆ ಬರೆಸಬೇಕು. ಓಡದಿದ್ದರೆ ಸ್ಕ್ರೂ ಬಿಚ್ಚಿ ಒಳಗಿನ ತಟ್ಟೆಯನ್ನು ಹೊರತೆಗೆದು ಗೀರಿ ಹಾಳುಮಾಡಿಯೇ ಕೊಡಬೇಕು. ಕೆಲವು ತಟ್ಟೆಗಳು ಗಾಜಿನವಾಗಿರುವುದರಿಂದ ಈ ಕೆಲಸವನ್ನು ಮಕ್ಕಳ ಕೈಗೆ ಕೊಡುವಂತಿಲ್ಲ.