ಕೈಗಡಿಯಾರ ಉದ್ಯಮ: ಹ್ಯಾರಿಸನ್ನನಿಂದ ಜಾಲಹಳ್ಳಿಯವರೆಗೆ

ಯಂತ್ರೋಪಕರಣಗಳ ತಯಾರಿಕೆಗೆಂದು 1953ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ (ಎಚ್.ಎಂ.ಟಿ.) ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದೊಂದಿಗೆ ಬೆಂಗಳೂರಿನ ಜಾಲಹಳ್ಳಿಯಲ್ಲಿ ಕೈಗಡಿಯಾರ ಘಟಕವನ್ನು ಆರಂಭಿಸಿತು. ಸೂಕ್ಷ್ಮ ಅಳತೆಯ ಲೋಹದ ಕೆಲಸಕ್ಕೆ ಈ ನಗರ ಹೆಸರಾಗಲು ಜಾಲಹಳ್ಳಿಯ ಕೊಡುಗೆ ಸಣ್ಣದಲ್ಲ. ಅಲ್ಲಿ ತಯಾರಾದ ಯಂತ್ರದ ಹಿಂದೆ ಮುನ್ನೂರು ವರ್ಷಗಳ ಸಂಶೋಧನೆ ಇತ್ತು.

ಗಡಿಯಾರದ ಮೂಲ ಸಮಸ್ಯೆ ಒಂದೇ: ಸಮನಾಗಿ ಮಿಡಿಯುವ ಒಂದು ವಸ್ತುವನ್ನು ಪಡೆಯುವುದು. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1656ರಲ್ಲಿ ಲೋಲಕವನ್ನು ಗಡಿಯಾರಕ್ಕೆ ಅಳವಡಿಸಿದನು. ಆದರೆ ಲೋಲಕವು ಗೋಡೆಗೆ ಸರಿ, ಜೇಬಿಗೆ ಸಲ್ಲದು. 1675ರಲ್ಲಿ ಅವನೇ ಪ್ರಕಟಿಸಿದ ಸುರುಳಿ ಸ್ಪ್ರಿಂಗಿನ ಬ್ಯಾಲೆನ್ಸ್ ಚಕ್ರವು ಆ ಕೊರತೆಯನ್ನು ನೀಗಿತು. ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಮಜ್ ರೂಪಿಸಿದ ಲಿವರ್ ಎಸ್ಕೇಪ್‌ಮೆಂಟ್ ಯಾಂತ್ರಿಕ ಕೈಗಡಿಯಾರಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಇವರೆಲ್ಲರಲ್ಲಿ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದವನು ಬಡಗಿಯ ಮಗನಾದ ಜಾನ್ ಹ್ಯಾರಿಸನ್. ಸಮುದ್ರದಲ್ಲಿ ರೇಖಾಂಶವನ್ನು ಅಳೆಯುವ ವಿಧಾನಕ್ಕೆ ಬ್ರಿಟಿಷ್ ಸಂಸತ್ತು 1714ರಲ್ಲಿ 20,000 ಪೌಂಡುಗಳವರೆಗಿನ ಬಹುಮಾನ ಘೋಷಿಸಿತ್ತು. ಅವನ ನಾಲ್ಕನೆಯ ಗಡಿಯಾರವು 1761ರಲ್ಲಿ ಜಮೈಕಾಕ್ಕೆ ಹೊರಟ ನೌಕಾಯಾನದಲ್ಲಿ, 81 ದಿನಗಳಲ್ಲಿ ಸುಮಾರು 5 ಸೆಕೆಂಡುಗಳಷ್ಟೇ ಹಿಂದೆ ಬಿದ್ದಿತು. ಆದರೂ ಮಂಡಳಿಯು ಮರುಪರೀಕ್ಷೆ, ನಕಲು ತಯಾರಿಕೆ ಎಂದು ಷರತ್ತುಗಳನ್ನು ಹೇರುತ್ತಲೇ ಹೋಯಿತು. 1773ರಲ್ಲಿ ಸಂಸತ್ತೇ ಮಧ್ಯೆ ಬಂದು ಹಣ ಕೊಡಿಸಿದಾಗ ಅವನಿಗೆ 80 ವರ್ಷ. ಸರ್ಕಾರಿ ಕಚೇರಿಗಳಿಂದ ಬಾಕಿ ವಸೂಲು ಮಾಡಿದವರಿಗೆ ಈ ಕಥೆ ಹೊಸದೆನಿಸಲಾರದು.

ಎಚ್.ಎಂ.ಟಿ.ಯ ಕೀಲಿ ಕೊಡುವ 'ಜನತಾ' ಈ ಪರಂಪರೆಯದೇ ಗಡಿಯಾರ: 17 ಮಾಣಿಕ್ಯ, ಗಂಟೆಗೆ 18,000 ಮಿಡಿತ. ಮದುವೆಯ ಉಡುಗೊರೆಯಾಗಿ, ನಿವೃತ್ತಿಯ ಕಾಣಿಕೆಯಾಗಿ ಅದು ಮನೆಮನೆಯನ್ನು ಸೇರಿತು. ಮುಂದೆ ತುಮಕೂರು, ಶ್ರೀನಗರ, ರಾಣಿಬಾಗ್‌ಗಳಲ್ಲಿಯೂ ಕಾರ್ಖಾನೆಗಳು ತಲೆಯೆತ್ತಿದವು.

ಆದರೆ ತಂತ್ರಜ್ಞಾನವು ಅಷ್ಟರಲ್ಲಿ ದಾರಿ ಬದಲಿಸಿತ್ತು. 1969ರ ಡಿಸೆಂಬರ್ 25ರಂದು ಸೈಕೋ ಕಂಪನಿಯು ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಇಂದಿನ ಸಾಮಾನ್ಯ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಆ ಸಂಖ್ಯೆಯನ್ನು ವಿದ್ಯುನ್ಮಂಡಲವು ಹದಿನೈದು ಬಾರಿ ಅರ್ಧಿಸಿದರೆ ಸೆಕೆಂಡಿಗೆ ಒಂದು ಸ್ಪಂದನ ದೊರೆಯುತ್ತದೆ. ಮುಖ್ಯ ಸ್ಪ್ರಿಂಗ್, ಬ್ಯಾಲೆನ್ಸ್ ಚಕ್ರ, ಸುರುಳಿ ಸ್ಪ್ರಿಂಗ್, ಲಿವರ್ ಯಾವುದೂ ಬೇಡ. ಅಂದರೆ ಕಾರ್ಖಾನೆಯ ಅತ್ಯಂತ ದುಬಾರಿ ಕೌಶಲವೇ ಅನಗತ್ಯವಾಯಿತು.

ಎಚ್.ಎಂ.ಟಿ.ಯೂ ಕ್ವಾರ್ಟ್ಜ್ ಗಡಿಯಾರಗಳನ್ನು ತಯಾರಿಸಿತು. ಕೊರತೆಯಾದದ್ದು ತಂತ್ರಜ್ಞಾನವಲ್ಲ, ಯಾಂತ್ರಿಕ ಗಡಿಯಾರದ ಮೇಲಿನ ಅವಲಂಬನೆಯನ್ನು ಬಿಡುವ ವೇಗ. ಟಾಟಾ ಸಮೂಹ ಮತ್ತು ತಮಿಳುನಾಡಿನ ಟಿಡ್ಕೊ ಸೇರಿ 1984ರಲ್ಲಿ ಸ್ಥಾಪಿಸಿದ ಟೈಟನ್, ಬೆಂಗಳೂರಿಗೆ ಹತ್ತಿರದ ಹೊಸೂರಿನಲ್ಲಿ ಕಾರ್ಖಾನೆ ಹೂಡಿ, ಕ್ವಾರ್ಟ್ಜ್, ವಿನ್ಯಾಸ ಮತ್ತು ಸ್ವಂತ ಮಳಿಗೆಗಳನ್ನು ನೆಚ್ಚಿಕೊಂಡಿತು. ಗಡಿಯಾರವನ್ನು ಅಗತ್ಯ ವಸ್ತುವಿನಿಂದ ಅಲಂಕಾರದ ವಸ್ತುವಾಗಿಸಿದ್ದೇ ಅದರ ನಿಜವಾದ ಲಾಭ ಎನ್ನಬೇಕು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಎಚ್.ಎಂ.ಟಿ. ವಾಚಸ್ ಮುಚ್ಚುಗಡೆಗೆ ಒಪ್ಪಿಗೆ ನೀಡಿತು.

ರಾಜಾಜಿನಗರ, ಕಾಮಾಕ್ಷಿಪಾಳ್ಯ, ಪೀಣ್ಯಗಳ ಲೇತ್ ಮತ್ತು ಡೈ ಘಟಕಗಳಿಗೆ ಇಲ್ಲಿ ಒಂದು ಲೆಕ್ಕವಿದೆ. ಕ್ವಾರ್ಟ್ಜ್ ಬಂದಾಗ ಎಲ್ಲ ಬಿಡಿಭಾಗಗಳೂ ಹೋಗಲಿಲ್ಲ. ಕವಚ, ಮುಖಫಲಕ, ಮುಳ್ಳು, ಹಲ್ಲುಚಕ್ರಗಳಿಗೆ ಬೇಡಿಕೆ ಉಳಿಯಿತು. ಮಿಡಿತವನ್ನು ನಿಯಂತ್ರಿಸುವ ಭಾಗ ಮಾತ್ರ ಬದಲಾಯಿತು. ಪೆಟ್ರೋಲ್ ಎಂಜಿನ್ನಿನ ಭಾಗಗಳನ್ನು ಪೂರೈಸುವ ಘಟಕಗಳು ಇಂದು ವಿದ್ಯುತ್ ವಾಹನಗಳ ಎದುರು ಇದೇ ವಿಂಗಡಣೆಯನ್ನು ಮಾಡಿಕೊಳ್ಳಬೇಕಾಗಿದೆ: ತಮ್ಮ ಸರಕಿನಲ್ಲಿ ಎಂಜಿನ್ನಿನೊಂದಿಗೆ ಹೋಗುವುದು ಯಾವುದು, ಬ್ರೇಕು ಮತ್ತು ಚಕ್ರಗಳೊಂದಿಗೆ ಉಳಿಯುವುದು ಯಾವುದು?