ಲೋಹಗಳ ಹರಳುವಿನ್ಯಾಸ ಮತ್ತು ನ್ಯೂಟ್ರಾನ್ ವಿವರ್ತನೆ

ಉರುಳೆಗಳ ನಡುವೆ ಲಟ್ಟಿಸಿದ ಅಲ್ಯೂಮಿನಿಯಂ ತಗಡಿನಿಂದ ದುಂಡನೆಯ ಬಿಲ್ಲೆಯೊಂದನ್ನು ಕತ್ತರಿಸಿ, ಅಚ್ಚಿನಲ್ಲಿ ಒತ್ತಿ ಲೋಟವನ್ನಾಗಿ ಮಾಡಿದರೆ, ಅದರ ಅಂಚು ಸಮವಾಗಿರದೆ ಸಾಮಾನ್ಯವಾಗಿ ನಾಲ್ಕು ಕಡೆ ಕಿವಿಗಳಂತೆ ಮೇಲೆದ್ದಿರುತ್ತದೆ. ಬಿಲ್ಲೆಯೂ ದುಂಡು, ಅಚ್ಚೂ ದುಂಡು. ಏರುಪೇರಿನ ಮೂಲ ಲೋಹದಲ್ಲಿಯೇ ಇದೆ. ಲೋಹವೆಂಬುದು ಅಸಂಖ್ಯ ಸೂಕ್ಷ್ಮ ಹರಳುಗಳ ಸಮೂಹ. ಲಟ್ಟಿಸಿದಾಗ, ಎಳೆದಾಗ ಅವು ಹೊರಳಿ ಕೆಲವು ದಿಕ್ಕುಗಳಿಗೇ ಹೆಚ್ಚಾಗಿ ಮುಖಮಾಡುತ್ತವೆ. ಲೋಹವಿಜ್ಞಾನಿಗಳು ಟೆಕ್ಸ್‌ಚರ್ ಎನ್ನುವ ಈ ಒಲವನ್ನು ಹರಳುವಿನ್ಯಾಸವೆನ್ನಬಹುದು.

ಇದನ್ನಳೆಯಲು ಕ್ಷ-ಕಿರಣ ಸಾಲದೇ ಎಂಬ ಪ್ರಶ್ನೆ ಸಹಜ. ಪ್ರಯೋಗಶಾಲೆಯ ಕ್ಷ-ಕಿರಣವು ಲೋಹದೊಳಕ್ಕೆ ಹೋಗುವುದು ಕೆಲವು ಹತ್ತು ಮೈಕ್ರಾನುಗಳಷ್ಟು ಮಾತ್ರ. ಉರುಳೆಯ ಘರ್ಷಣೆಗೆ ಸಿಕ್ಕ ಮೇಲ್ಪದರವು ಒಡಲಿಗೆ ನಂಬಲರ್ಹ ಸಾಕ್ಷಿಯಲ್ಲ. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ. ಅದು ಮುಖ್ಯವಾಗಿ ಪರಮಾಣು ಬೀಜಗಳಿಂದ ಚದರುವುದರಿಂದ ಅನೇಕ ಲೋಹಗಳಲ್ಲಿ ಸೆಂಟಿಮೀಟರುಗಳ ಆಳಕ್ಕಿಳಿಯಬಲ್ಲದು.

ರಿಯಾಕ್ಟರಿನಿಂದ ಬಂದ ನ್ಯೂಟ್ರಾನುಗಳಲ್ಲಿ ಒಂದೇ ತರಂಗಾಂತರದವನ್ನು ಹರಳೊಂದರ ನೆರವಿನಿಂದ ಆರಿಸಿ ಮಾದರಿಯ ಮೇಲೆ ಹಾಯಿಸುತ್ತಾರೆ. ಬ್ರಾಗ್ ನಿಯಮದಂತೆ, ನಿರ್ದಿಷ್ಟ ಕೋನದಲ್ಲಿಟ್ಟ ಶೋಧಕವು ತಕ್ಕ ದಿಕ್ಕಿಗೆ ನಿಂತ ಹರಳುಗಳನ್ನಷ್ಟೇ ಗುರುತಿಸುತ್ತದೆ. ಶೋಧಕವನ್ನು ಕದಲಿಸದೆ ಮಾದರಿಯನ್ನು ಎರಡು ಅಕ್ಷಗಳ ಸುತ್ತ ಐದೈದು ಡಿಗ್ರಿ ತಿರುಗಿಸುತ್ತ ಹೋದರೆ ಸಾವಿರಕ್ಕೂ ಮಿಕ್ಕ ಅಳತೆಗಳು ದೊರೆತು, ದಿಕ್ಕುಗಳ ನಕ್ಷೆಯೊಂದು ಮೂಡುತ್ತದೆ. ಇದೇ ಧ್ರುವಚಿತ್ರ. ಒಂದೇ ಚಿತ್ರದಿಂದ ಹರಳುಗಳ ಪೂರ್ಣ ನಿಲುವು ತಿಳಿಯದು. ಹಲವನ್ನು ಕೂಡಿಸಿ ಲೆಕ್ಕಹಾಕುವ ಗಣಿತವನ್ನು 1965ರಲ್ಲಿ ಬುಂಗೆ ಮತ್ತು ರೋ ಬೇರೆ ಬೇರೆಯಾಗಿ ರೂಪಿಸಿದರು.

ಈ ಶ್ರಮದ ಬೆಲೆ ಜಿರ್ಕೋನಿಯಂ ನಳಿಗೆಗಳಲ್ಲಿ ಚೆನ್ನಾಗಿ ಕಾಣುತ್ತದೆ. ಉತ್ತರ ಕನ್ನಡದ ಕೈಗಾ ಸ್ಥಾವರದ ಒಂದೊಂದು 220 ಮೆಗಾವಾಟ್ ಘಟಕದಲ್ಲೂ ಇಂಧನವನ್ನೂ ಬಿಸಿ ಭಾರಜಲವನ್ನೂ ಹೊತ್ತ 306 ನಳಿಗೆಗಳಿವೆ. ಶೇಕಡಾ 2.5ರಷ್ಟು ನಯೋಬಿಯಂ ಬೆರೆತ ಜಿರ್ಕೋನಿಯಮ್ಮೇ ಅವುಗಳ ಲೋಹ. ಅದು ನ್ಯೂಟ್ರಾನನ್ನು ಬಹು ಕಡಿಮೆ ಹೀರುತ್ತದೆ. ರಿಯಾಕ್ಟರಿಗೆ ಬೇಕಾದ ಈ ಗುಣವೇ ಪರೀಕ್ಷಕನಿಗೂ ಅನುಕೂಲ. ನಳಿಗೆಯ ಗೋಡೆ ತೆಳುವಾದ್ದರಿಂದ ಅದರ ಸಣ್ಣ ತುಂಡುಗಳನ್ನು ದಿಕ್ಕು ತಪ್ಪದಂತೆ ಒಂದರ ಮೇಲೊಂದು ಅಂಟಿಸಿ ಪುಟ್ಟ ಘನವನ್ನಾಗಿ ಮಾಡಿಕೊಳ್ಳುವುದುಂಟು.

ಷಟ್ಕೋನಾಕೃತಿಯ ಜಿರ್ಕೋನಿಯಂ ಹರಳು ರಿಯಾಕ್ಟರಿನ ವಿಕಿರಣದಲ್ಲಿ ತನ್ನ ಮುಖ್ಯಾಕ್ಷದುದ್ದಕ್ಕೆ ಕುಗ್ಗಿ, ಅಡ್ಡಕ್ಕೆ ಹಿಗ್ಗುತ್ತದೆ. ಬಿಸಿಯಲ್ಲಿ ಅಚ್ಚಿನ ಮೂಲಕ ದೂಡಿ ತಯಾರಿಸಿದ ಈ ನಳಿಗೆಗಳಲ್ಲಿ ಬಹುಪಾಲು ಮುಖ್ಯಾಕ್ಷಗಳು ಸುತ್ತಳತೆಯ ದಿಕ್ಕಿಗಿರುವುದನ್ನು ಧ್ರುವಚಿತ್ರಗಳು ತೋರಿಸುತ್ತವೆ. ಆದ್ದರಿಂದ ನಳಿಗೆಯು ವರ್ಷ ಕಳೆದಂತೆ ಉದ್ದಕ್ಕೆ ಬೆಳೆಯುತ್ತದೆ. ಅದರ ತುದಿಗಳ ಆಧಾರಗಳಲ್ಲಿ ಎಷ್ಟು ಎಡೆ ಬಿಡಬೇಕೆಂಬುದನ್ನು ವಿನ್ಯಾಸಕಾರನು ನಳಿಗೆಯನ್ನು ಜೋಡಿಸುವ ಮೊದಲೇ ನಿರ್ಧರಿಸಬೇಕಾಗುತ್ತದೆ.