ಹತ್ತರ ಗುಣಾಕಾರ: ಅಂಕಿಗಳು ಮನೆ ಬದಲಿಸಲಿ

ಹತ್ತರಿಂದ ಗುಣಿಸಲು ಮಕ್ಕಳಿಗೆ ಸಾಮಾನ್ಯವಾಗಿ ಹೇಳಿಕೊಡುವ ಸೂತ್ರ ‘ಕೊನೆಗೊಂದು ಸೊನ್ನೆ ಸೇರಿಸು’ ಎಂಬುದು. 45ನ್ನು 10ರಿಂದ ಗುಣಿಸಿದರೆ 450. ಸೂತ್ರ ಸರಿಯಾಗಿಯೇ ಕಾಣುತ್ತದೆ. ಅದೇ ಮಗು ದಶಮಾಂಶಕ್ಕೆ ಬಂದಾಗ 3.5ರ ಕೊನೆಗೂ ಸೊನ್ನೆ ಬರೆದು 3.50 ಎನ್ನುತ್ತದೆ. ಬೆಲೆ ಇದ್ದಷ್ಟೇ ಉಳಿಯಿತು. ಬರಬೇಕಿದ್ದ ಉತ್ತರ 35. ಇದನ್ನು ಮಗುವಿನ ಅಜಾಗರೂಕತೆ ಎನ್ನಲಾಗದು, ಹೇಳಿಕೊಟ್ಟದ್ದನ್ನು ಅದು ಚಾಚೂ ತಪ್ಪದೆ ಪಾಲಿಸಿದೆ. ಗೊಂದಲವಿರುವುದು ಸೂತ್ರದ ಮಾತಿನಲ್ಲೇ. ‘ಸೇರಿಸು’ ಎಂದರೆ ಕೂಡು ಎಂದೂ ಅರ್ಥ. 45ಕ್ಕೆ ಸೊನ್ನೆ ಕೂಡಿದರೆ 45 ಬದಲಾಗುವುದೇ ಇಲ್ಲ. ಹಾಗಾಗಿ ಮೊದಲು ಕಲಿಸಬೇಕಾದದ್ದು ಅಂಕಿಗಳು ಸ್ಥಾನ ಬದಲಿಸುವ ಬಗೆಯನ್ನು. ಸೊನ್ನೆ ಅದರ ಹಿಂದೆಯೇ ಬರುತ್ತದೆ.

ಬೆಲೆ ಇರುವುದು ಸ್ಥಾನಕ್ಕೆ ಎಂಬ ವಿಚಾರ ನಮ್ಮಲ್ಲಿ ಹಳೆಯದು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ ಏಕ, ದಶ, ಶತ, ಸಹಸ್ರ ಎಂದು ತೊಡಗಿ 24 ಸ್ಥಾನಗಳನ್ನು ಹೆಸರಿಸುತ್ತದೆ. ಪ್ರತಿಯೊಂದು ಸ್ಥಾನವೂ ಅದರ ಹಿಂದಿನದರ ಹತ್ತು ಪಟ್ಟು. ಹತ್ತರಿಂದ ಗುಣಿಸುವುದೆಂದರೆ ಆ ಸಾಲಿನಲ್ಲಿ ಒಂದು ಮನೆ ಮೇಲೇರುವುದು, ಭಾಗಿಸುವುದೆಂದರೆ ಒಂದು ಮನೆ ಇಳಿಯುವುದು.

ಮೊದಲ ಹೆಜ್ಜೆಗೆ ಹಾಳೆಯೊಂದರಲ್ಲಿ ಸಾಲಾಗಿ ಆರು ಮನೆ ಬರೆಯಿರಿ. ಎಡದಿಂದ ಸಾವಿರ, ನೂರು, ಹತ್ತು, ಬಿಡಿ. ಬಿಡಿಯ ಬಲಗೆರೆಯ ಮೇಲೆ ಒಂದು ದಪ್ಪ ಚುಕ್ಕಿ. ಅದರಾಚೆ ಹತ್ತರಲ್ಲೊಂದು, ನೂರರಲ್ಲೊಂದು. ಅಂಕಿಗಳನ್ನು ರಟ್ಟಿನ ತುಂಡುಗಳಲ್ಲಿ ಬರೆದುಕೊಂಡು 45ನ್ನು ಜೋಡಿಸಿ. ಪಕ್ಕದಲ್ಲಿ ಬೆಂಕಿಕಡ್ಡಿಗಳ ನಾಲ್ಕು ಕಟ್ಟು, ಐದು ಬಿಡಿ ಕಡ್ಡಿ ಇರಲಿ. ಒಂದೊಂದೂ ಹತ್ತು ಪಟ್ಟಾದರೆ ಬಿಡಿ ಕಡ್ಡಿ ಹತ್ತರ ಕಟ್ಟಾಗುತ್ತದೆ, ಹತ್ತರ ಕಟ್ಟು ನೂರರ ಕಟ್ಟಾಗುತ್ತದೆ. ಆದ್ದರಿಂದಲೇ 5 ಹತ್ತರ ಮನೆಗೂ 4 ನೂರರ ಮನೆಗೂ ಸರಿಯುತ್ತವೆ. ಬಿಡಿಯ ಮನೆ ಬರಿದಾಯಿತು. ಬರಿದಾಗಿದೆ ಎಂದು ತೋರಿಸಲು ಅಲ್ಲೊಂದು ಸೊನ್ನೆ. 3.5ನ್ನು ಜೋಡಿಸಿ ಸರಿಸಿದರೆ ಬಿಡಿಯ ಮನೆಗೆ 5 ಬಂದು ಕೂರುತ್ತದೆ, ಸೊನ್ನೆಗೆ ಅಲ್ಲಿ ಕೆಲಸವೇ ಇಲ್ಲ.

ಎರಡನೆಯ ಹೆಜ್ಜೆ ಭಾಗಾಕಾರ. ಇಲ್ಲಿ ಅಳತೆಯ ಟೇಪು ಒಳ್ಳೆಯ ಸಾಧನ. 45 ಮೀಟರ್ ಬಟ್ಟೆಯನ್ನು ಹತ್ತು ಮಂದಿಗೆ ಹಂಚಿದರೆ ತಲಾ 4 ಮೀಟರ್. ಉಳಿದ 5 ಮೀಟರನ್ನು 10 ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿದರೆ 50 ತುಂಡು, ತಲಾ ಐದು. ಒಟ್ಟು 4.5 ಮೀಟರ್. ರೂಪಾಯಿ, ಪೈಸೆಯಿಂದ ಈ ಪಾಠ ತೊಡಗುವುದು ಬೇಡ. ಅಲ್ಲಿ ಹತ್ತರಲ್ಲೊಂದು ಭಾಗಕ್ಕೆ ಬೇರೆ ಹೆಸರಿಲ್ಲದ ಕಾರಣ ಮಗು 4.5 ಎಂಬುದನ್ನು ನಾಲ್ಕು ರೂಪಾಯಿ ಐದು ಪೈಸೆ ಎಂದು ಓದಿಬಿಡಬಹುದು.

ಮೂರನೆಯದು ಹತ್ತರ ಘಾತಗಳು. ನೂರೆಂದರೆ ಹತ್ತನ್ನು ಎರಡು ಸಲ, ಸಾವಿರವೆಂದರೆ ಮೂರು ಸಲ ಗುಣಿಸಿದ್ದು. ಹಾಗಾಗಿ ನೂರಕ್ಕೆ ಎರಡು ಮನೆ, ಸಾವಿರಕ್ಕೆ ಮೂರು ಮನೆ ಸರಿಸಬೇಕು; ಮುಂದೆ 10³ ಎಂದು ಬರೆಯುವಾಗ ಮೇಲಿನ 3 ಹೇಳುವುದೂ ಅದನ್ನೇ. 3.05ನ್ನು 100ರಿಂದ ಗುಣಿಸಿದರೆ 305. 7ನ್ನು 100ರಿಂದ ಭಾಗಿಸಿದರೆ 0.07. ಪ್ರತಿ ಲೆಕ್ಕಕ್ಕೂ ಮುನ್ನ ‘ಉತ್ತರ ದೊಡ್ಡದಾಗುತ್ತದೋ, ಚಿಕ್ಕದಾಗುತ್ತದೋ’ ಎಂದು ಕೇಳಿ. ದಿಕ್ಕು ತಪ್ಪಿದ್ದರೆ ಮಗುವಿಗೇ ಗೊತ್ತಾಗುತ್ತದೆ.

ಚುಕ್ಕಿಯನ್ನು ಸರಿಸಿದರೂ ಇದೇ ಉತ್ತರ ಬರುವಾಗ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಉತ್ತರ ಬರುವುದು ನಿಜ. ಆದರೆ ಬಿಡಿ ಮತ್ತು ಹತ್ತರಲ್ಲೊಂದರ ನಡುವಿನ ಆ ಗಡಿ ಎಂದೂ ಕದಲದು. ಬೆಲೆ ಬದಲಾಗುವುದು ಅಂಕಿಗಳದ್ದು. 7ರಲ್ಲಿ ಚುಕ್ಕಿ ಕಣ್ಣಿಗೆ ಬೀಳದೆ ಯಾವುದನ್ನು ಸರಿಸಬೇಕೆಂದು ತಿಳಿಯದ ಮಗು, ಮನೆಗಳ ಸಾಲಿನಲ್ಲಿ ತಡವರಿಸದು. ಪರೀಕ್ಷೆಯಲ್ಲಿ ವೇಗವೇ ಮುಖ್ಯ ಎಂಬ ಆಕ್ಷೇಪವೂ ಇದೆ. ವೇಗ ಬೇಕು, ಆದರೆ ಅದು ತಿಳಿವಳಿಕೆಯ ಮೇಲೆ ನಿಲ್ಲಬೇಕು. ಔಷಧದ ಅಳತೆಯಲ್ಲಿ 2.5 ಮಿಲಿಲೀಟರ್ 25 ಆದರೆ ಹತ್ತು ಪಟ್ಟು ಹೆಚ್ಚು. ಒಂದು ಮನೆಯ ತಪ್ಪು ಬದುಕಿನಲ್ಲಿ ಅಷ್ಟು ದೊಡ್ಡದು. ನಾಲ್ಕಾರು ದಿನ ರಟ್ಟು ಸರಿಸಿದ ಮೇಲೆ, ‘ಪೂರ್ಣ ಸಂಖ್ಯೆಗಾದರೆ ಕೊನೆಗೆ ಸೊನ್ನೆ ಬರುತ್ತದೆ, 3.5ಕ್ಕೆ ಬರುವುದಿಲ್ಲ’ ಎಂದು ಮಗು ಕಾರಣ ಸಹಿತ ಹೇಳಲಿ. ಆಗ ರಟ್ಟುಗಳನ್ನು ಎತ್ತಿಡಬಹುದು.